ಸೆಣಬು: ಬಿತ್ತುವುದು ಸುಲಭ, ಉಳುವ ಹೊತ್ತು ತಿಳಿಯಬೇಕು

ಹಸಿರೆಲೆ ಗೊಬ್ಬರ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು. ‘ಸೆಣಬು ಚೆಲ್ಲಿ, 45 ದಿನಕ್ಕೆ ಉಳಿ, ಮುಗೀತು.’ ನೀರಾವರಿ ಇದ್ದವರಿಗೆ ಇಷ್ಟು ಸಾಕು. ಮಳೆ ನಂಬಿ ರಾಗಿ ಬೆಳೆಯುವ ನಮ್ಮಂಥವರಿಗೆ ಸಾಲದು. 45ನೇ ದಿನ ಭೂಮಿಯಲ್ಲಿ ಹದ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅದನ್ನು ನಾನು 2012ರಲ್ಲಿ ನಾಲ್ಕು ಎಕರೆ ರಾಗಿ ಕಳಕೊಂಡು ಕಲಿತೆ. ಆಮೇಲೂ ಸೆಣಬು ಬಿಟ್ಟಿಲ್ಲ. ಬಿತ್ತುವ ರೀತಿ, ಉಳುವ ರೀತಿ ಬದಲಾಯಿತು ಅಷ್ಟೇ. ನಾನು ಎಡವಿದ ಜಾಗದಲ್ಲಿ ಬೇರೆಯವರು ಎಡವದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವ ಸೆಣಬು?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಗೋಣಿಚೀಲ ಮಾಡುವ ಬಂಗಾಳದ ಸೆಣಬು ಬೇರೆ ಗಿಡ. ಸೊಪ್ಪನ್ನು ಸಾರು ಮಾಡುವ ಪುಂಡಿಯಿಂದಲೂ ನಾರು ಬರುತ್ತದೆ, ಅದೂ ಬೇರೆ. ಗದ್ದೆ ಕಡೆಯವರು ಹಾಕುವ ಡಯಾಂಚ ಇನ್ನೊಂದು, ಅದು ನಿಂತ ನೀರನ್ನೂ ತಡೆಯುತ್ತದೆ. ನಾನು ಹೇಳುತ್ತಿರುವುದು ನಮ್ಮ ಹಿರಿಯರು ಹಗ್ಗ, ಮೂಗುದಾರ ಹೊಸೆಯುತ್ತಿದ್ದ ಸೆಣಬು. ನೆಟ್ಟಗೆ ಕೋಲಿನಂತೆ ಬೆಳೆಯುತ್ತದೆ. ಎಲೆ ಉದ್ದ, ಒಂಟಿ. ತುದಿಯಲ್ಲಿ ಗೊನೆಯಾಗಿ ಬಂಗಾರದ ಬಣ್ಣದ ದೊಡ್ಡ ಹೂ. ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಅವರೆ, ಅಲಸಂದೆ, ಹುರುಳಿಯ ಜಾತಿಗೇ ಸೇರಿದ ದ್ವಿದಳ ಗಿಡ. ಒಂದೇ ವರ್ಷದ ಬಾಳು.

ನಮ್ಮ ಅಪ್ಪನ ಕಾಲದಲ್ಲಿ ಹೊಲದ ಅಂಚಿನಲ್ಲಿ ನಾಲ್ಕು ಸಾಲು ಸೆಣಬು ಇದ್ದೇ ಇರುತ್ತಿತ್ತು. ಕೊಯ್ದು ಕಟ್ಟು ಕಟ್ಟಿ ಕಟ್ಟೆ ನೀರಿನಲ್ಲಿ ಕಲ್ಲು ಹೇರಿ ಕೊಳೆಹಾಕುತ್ತಿದ್ದರು. ಕೊಳೆತ ಮೇಲೆ ನಾರು ಸುಲಿದು ಒಗೆದು ಒಣಗಿಸುವುದು. ಆ ವಾಸನೆಗೆ ಊಟ ಸೇರುತ್ತಿರಲಿಲ್ಲ. ಪ್ಲಾಸ್ಟಿಕ್ ಹಗ್ಗ ಬಂತು, ಸೆಣಬು ಹೊಲ ಬಿಟ್ಟಿತು. ಮತ್ತೆ ನಾವು ಅದನ್ನು ಕರೆತಂದಿದ್ದು ಗೊಬ್ಬರಕ್ಕೆ, ಮನೆಯಲ್ಲಿ ದನ ಕಡಿಮೆಯಾಗಿ ತಿಪ್ಪೆ ಬರಿದಾದ ಮೇಲೆ.

ಬಿಸಿಲು ಬೇಕು, ನೀರು ನಿಲ್ಲಬಾರದು

ಸೆಣಬು ಬಿಸಿಲಿನ ಮಗು. ನನ್ನ ಹೊಲದ ಮೂಡಲ ಬದುವಿನಲ್ಲಿ ಒಂದು ಹುಣಸೆ ಮರ ಇದೆ. ಅದರ ನೆರಳು ಬೀಳುವ ಕಡೆ ಗಿಡ ಕಡ್ಡಿಯಂತೆ ಸಣಕಲಾಗಿ ವಾಲಿಕೊಳ್ಳುತ್ತದೆ. ಹತ್ತು ಮಾರು ಆಚೆ, ಬಯಲಲ್ಲಿ, ಸೊಂಟದುದ್ದ ದಟ್ಟವಾಗಿ ನಿಂತಿರುತ್ತದೆ. ಬಿತ್ತಿದ್ದು ಒಂದೇ ದಿನ, ಒಂದೇ ಬೀಜ. ಎತ್ತರ ಹೋದ ತೆಂಗಿನ ಸಾಲಿನ ನಡುವೆ ಬಿಸಿಲು ಚೆನ್ನಾಗಿ ಇಳಿಯುವುದಾದರೆ ಹಾಕಬಹುದು. ಅಡಿಕೆ ತೋಟದ ದಟ್ಟ ನೆರಳಿಗೆ ಹಾಕಿ ಬೀಜ ದಂಡ ಮಾಡಬೇಡಿ.

ಕೆಂಪು ಮಣ್ಣು, ಮರಳು ಮಿಶ್ರ ಮಣ್ಣು ಎಲ್ಲಾ ಆದೀತು. ತಾಯಿಬೇರು ಆಳಕ್ಕೆ ಹೋಗುವುದರಿಂದ ನಡುವೆ ಹದಿನೈದು ದಿನ ಮಳೆ ಕೈಕೊಟ್ಟರೂ ತಡೆದುಕೊಳ್ಳುತ್ತದೆ. ಆಗದೇ ಇರುವುದು ಒಂದೇ, ನೀರು ನಿಲ್ಲುವ ಜಾಗ. ಎರಡು ಮೂರು ದಿನ ನೀರು ನಿಂತರೆ ಹಳದಿಯಾಗಿ ಸೊರಗುತ್ತದೆ. ತಗ್ಗು ಇದ್ದರೆ ಬಸಿಗಾಲುವೆ ಎಳೆದೇ ಬಿತ್ತಬೇಕು.

ಬಿತ್ತುವ ಕಾಲ

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ. ನಮ್ಮ ಸೆಣಬಿಗೂ ಭರಣಿ, ಕೃತ್ತಿಕೆಯೇ ಸರಿಯಾದ ಕಾಲ. ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರ ಮುಗಿಯುವವರೆಗೆ. ಯಾಕೆ ಅಂದರೆ ಲೆಕ್ಕ ಹಿಂದಿನಿಂದ ಹಾಕಬೇಕು. ನಾನು ರಾಗಿ ಬಿತ್ತುವುದು ಪುಷ್ಯ ಮಳೆಗೆ, ಜುಲೈ ಕೊನೆಗೆ. ತಳಿ ಜಿಪಿಯು-28, ಸುಮಾರು 110 ದಿನದ್ದು. ಉತ್ತ ಸೆಣಬು ಕೊಳೆಯಲು ಕಡಿಮೆ ಅಂದರೂ 15ರಿಂದ 20 ದಿನ ಬಿಡಬೇಕು. ಅಲ್ಲಿಗೆ ಜುಲೈ ಮೊದಲ ವಾರದೊಳಗೆ ಉಳುಮೆ ಆಗಿರಬೇಕು. ಅದಕ್ಕೆ 45 ದಿನ ಹಿಂದೆ ಅಂದರೆ ಮೇ 20ರ ಸುಮಾರು. ಅದಕ್ಕಿಂತ ತಡವಾಗಿ, ರೋಹಿಣಿ ದಾಟಿ ಮಳೆ ಬಂದರೆ ನಾನು ಆ ವರ್ಷ ರಾಗಿ ಹೊಲಕ್ಕೆ ಸೆಣಬು ಹಾಕುವುದೇ ಇಲ್ಲ. ಗೊಬ್ಬರದ ಆಸೆಗೆ ಊಟದ ಬೆಳೆ ಹಿಂದೆ ಬೀಳಬಾರದು.

ಬೀಜ ಎಕರೆಗೆ 12 ಕಿಲೋ. ತೆಳ್ಳಗೆ ಬಿತ್ತಿದರೆ ಗಿಡ ಕವಲೊಡೆದು ಕಾಂಡ ದಪ್ಪವಾಗುತ್ತದೆ, ಕಳೆಯೂ ಏಳುತ್ತದೆ. ಒತ್ತಾಗಿದ್ದರೆ ಕಾಂಡ ಸಣ್ಣ, ಎಲೆ ಹೆಚ್ಚು, ಬೇಗ ಕೊಳೆಯುತ್ತದೆ. ಒಂದು ಉಳುಮೆ ಮಾಡಿ, ಕೈಯಲ್ಲಿ ಚೆಲ್ಲಿ, ಹಗುರವಾಗಿ ಕುಂಟೆ ಹೊಡೆಯುತ್ತೇನೆ. ಒಂದು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಹದ ಇದ್ದರೆ ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಆಮೇಲೆ ಕಳೆ ಕೀಳುವ ಕೆಲಸ ಇಲ್ಲ. ಇಪ್ಪತ್ತೈದು ದಿನಕ್ಕೆ ನೆಲ ಮುಚ್ಚಿ ಕಳೆಯನ್ನು ಅದೇ ಅದುಮುತ್ತದೆ.

ಹಗಲು ಕುಗ್ಗಿದರೆ ಹೂ ಬೇಗ

2014ರಲ್ಲಿ ಒಂದು ತಮಾಷೆ ಆಯ್ತು. ಕಡಲೆಕಾಯಿ ಕಿತ್ತ ಜಾಗ ಖಾಲಿ ಇತ್ತು, ಹಸ್ತ ಮಳೆ ಚೆನ್ನಾಗಿತ್ತು. ಉಳಿದಿದ್ದ ಸೆಣಬು ಬೀಜ ಚೆಲ್ಲಿದೆ. ಗಿಡ ಮಂಡಿಯುದ್ದ ಬರುವುದರೊಳಗೆ ಹೂ ಬಿಟ್ಟು ನಿಂತಿತು. ಬೀಜ ಕೆಟ್ಟದ್ದು ಅಂದುಕೊಂಡೆ. ಆದರೆ ಅದೇ ಚೀಲದ ಬೀಜ ಮೇ ತಿಂಗಳಲ್ಲಿ ಎದೆಯುದ್ದ ಬೆಳೆದಿತ್ತು.

ಆಮೇಲೆ ಕೃಷಿ ಮೇಳದಲ್ಲಿ ಒಬ್ಬರು ವಿಜ್ಞಾನಿಯನ್ನು ಕೇಳಿದಾಗ ವಿಷಯ ತಿಳಿಯಿತು. ಸೆಣಬು ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಹಗಲು ದೊಡ್ಡದಿದ್ದಾಗ ಬೆಳೆಯುತ್ತಾ ಹೋಗುತ್ತದೆ, ಹಗಲು ಕುಗ್ಗಿದಾಗ ಹೂವಿಗೆ ತಿರುಗುತ್ತದೆ. ನಮ್ಮ ಕಡೆ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ ಇದೆ. ನಮಗೆ ಗೊತ್ತಾಗದಿದ್ದರೂ ಗಿಡಕ್ಕೆ ಗೊತ್ತಾಗುತ್ತದೆ. ಇದರಿಂದ ನಾನು ಕಲಿತ ಪಾಠ ಎರಡು. ಸೊಪ್ಪು ಬೇಕಾದರೆ ಮುಂಗಾರಿನ ಮೊದಲಿಗೇ ಬಿತ್ತಬೇಕು. ಬೀಜ ಬೇಕಾದರೆ ಮಘ, ಪುಬ್ಬ ಮಳೆಗೆ ಬಿತ್ತಬೇಕು. ಗಿಡ ಗಿಡ್ಡ ಇರುತ್ತದೆ, ಗಾಳಿಗೆ ಬೀಳುವುದಿಲ್ಲ, ಕಾಯಿ ಒಣಗುವ ಹೊತ್ತಿಗೆ ಮಳೆಗಾಲವೂ ಮುಗಿದಿರುತ್ತದೆ.

ಬೇರು ಕಿತ್ತು ನೋಡಿ

30 ದಿನದ ಗಿಡ ಒಂದನ್ನು ಗುದ್ದಲಿಯಿಂದ ಮಣ್ಣು ಸಮೇತ ಎಬ್ಬಿಸಿ. ಕೈಯಿಂದ ಎಳೆದರೆ ನೋಡಬೇಕಾದ್ದು ಮಣ್ಣಲ್ಲೇ ಉಳಿಯುತ್ತದೆ. ನೀರಲ್ಲಿ ಅದ್ದಿ ಮಣ್ಣು ಬಿಡಿಸಿ. ಬೇರಿಗೆ ಅಂಟಿದ ಸಣ್ಣ ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ರಕ್ತದ ಹಾಗೆ ಕೆಂಪು ಛಾಯೆ ಇದ್ದರೆ ಒಳಗಿನ ಜೀವಾಣು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಬೆಳ್ಳಗೋ ಹಸಿರಾಗೋ ಇದ್ದರೆ ಕೆಲಸ ಇನ್ನೂ ಹತ್ತಿಲ್ಲ ಅಥವಾ ಮುಗಿದಿದೆ.

ಅಲಸಂದೆ, ಹುರುಳಿ, ಕಡಲೆಕಾಯಿ ಬೆಳೆದ ಹೊಲದಲ್ಲಿ ಈ ಜೀವಾಣು ಮೊದಲೇ ಇರುತ್ತದೆ. ಅವುಗಳಿಗೂ ಸೆಣಬಿಗೂ ಒಂದೇ ಗುಂಪಿನದು. ದ್ವಿದಳ ಬೆಳೆಯನ್ನೇ ಕಾಣದ ಹೊಲಕ್ಕೆ ಮೊದಲ ಸಲ ಹಾಕುವಾಗ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತುವುದು ಒಳ್ಳೆಯದು. ಬಿಸಿಲಲ್ಲಿ ಒಣಗಿಸಿದರೆ ಜೀವಾಣು ಸಾಯುತ್ತದೆ.

ಟೊಮೇಟೊ, ಬದನೆ ಬೆಳೆಯುವವರು ಬೇರೆ ಥರದ ಗಂಟು ನೋಡಿರುತ್ತಾರೆ. ಅದು ಜಂತುಹುಳುವಿನ ಗಂಟು. ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬರುವುದಿಲ್ಲ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಕಳಚುತ್ತದೆ. ಆ ಜಂತುಹುಳು ಸೆಣಬಿನ ಬೇರಿನಲ್ಲಿ ಸರಿಯಾಗಿ ವೃದ್ಧಿಯಾಗುವುದಿಲ್ಲ. ತರಕಾರಿ ಹಾಕುವ ಮೊದಲು ಸೆಣಬು ಬೆಳೆದು ಉಳುವುದು ಅದಕ್ಕೂ ಒಳ್ಳೆಯದು.

2012ರಲ್ಲಿ ಆದದ್ದು

ಆ ವರ್ಷ ಕೃತ್ತಿಕೆ ಕೊನೆಗೆ ಬಂದ ಮಳೆಗೆ ಇದ್ದ ನಾಲ್ಕು ಎಕರೆಗೂ ಸೆಣಬು ಚೆಲ್ಲಿದೆ. ಗಿಡ ಚೆನ್ನಾಗಿಯೇ ಎದ್ದಿತು. ಜುಲೈ ಮೊದಲ ವಾರ ಅಲ್ಲೊಂದು ಇಲ್ಲೊಂದು ಹೂ ಕಂಡಿತು. ಉಳಬೇಕು, ಆದರೆ ನೆಲ ಕಲ್ಲು. ಮಳೆ ಬರಲಿ ಅಂತ ಕಾದೆ. ಮಳೆ ಬರಲಿಲ್ಲ. ಆರಿದ್ರ, ಪುನರ್ವಸು, ಪುಷ್ಯ ಒಣಗಿ ಹೋದವು. ಸೆಣಬು ಮಾತ್ರ ತಾಯಿಬೇರಿನಿಂದ ನೆಲದ ಕೆಳಗಿನ ತೇವ ಹೀರಿ ನಿಂತೇ ಇತ್ತು. ಹೊಲ ಪೂರಾ ಹಳದಿ ಹೂ. ದಾರಿಹೋಕರು ನಿಂತು ನೋಡಿ ಹೋಗುತ್ತಿದ್ದರು.

ಆಶ್ಲೇಷಕ್ಕೆ ಒಂದು ಹದ ಮಳೆ ಬಂತು. ಆಗ ಗಿಡಕ್ಕೆ 75 ದಿನ, ಕಾಯಿ ಕಟ್ಟಿತ್ತು. ಉತ್ತರೆ ನೇಗಿಲಿಗೆ ನಾರು ಸುತ್ತಿಕೊಳ್ಳುವುದು. ನಾಲ್ಕು ಸಾಲಿಗೊಂದು ಸಲ ನಿಲ್ಲಿಸಿ ಕುಡುಗೋಲಿನಿಂದ ಕೊಯ್ದು ಬಿಡಿಸಬೇಕು. ಹೇಗೋ ಉತ್ತು ಮುಗಿಸಿ, ಹದ ಹೋದೀತು ಅನ್ನುವ ಆತುರಕ್ಕೆ ನಾಲ್ಕೇ ದಿನಕ್ಕೆ ರಾಗಿ ಬಿತ್ತಿದೆ. ಕೂರಿಗೆ ತಾಳಿಗೂ ಕಡ್ಡಿ ಸಿಕ್ಕಿಕೊಂಡಿತು.

ರಾಗಿ ಹುಟ್ಟಿತು. ಇಪ್ಪತ್ತು ದಿನಕ್ಕೆ ಹೊಲವೆಲ್ಲಾ ಅರಿಸಿನ ಬಳಿದ ಹಾಗೆ ಹಳದಿ. ಬದುವಿನ ಪಕ್ಕ ಸೆಣಬು ಇಲ್ಲದ ಒಂದು ಪಟ್ಟಿ ಇತ್ತು, ಅಲ್ಲಿ ರಾಗಿ ಹಸಿರಾಗಿತ್ತು. ಗೊಬ್ಬರ ಹಾಕಿದ ಕಡೆ ಹಳದಿ, ಹಾಕದ ಕಡೆ ಹಸಿರು! ಒಳ್ಳೆ ವರ್ಷ ಎಕರೆಗೆ ಎಂಟು ಕ್ವಿಂಟಾಲ್ ಕಾಣುವ ಹೊಲದಲ್ಲಿ ಆ ವರ್ಷ ನಾಲ್ಕು ಎಕರೆಗೂ ಸೇರಿ ಆರು ಕ್ವಿಂಟಾಲ್. ಬರಗಾಲದ್ದೂ ಪಾಲಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅರ್ಧ ಪಾಪ ನನ್ನದು. ಮನೆಗೆ ರಾಗಿ ಕೊಂಡು ತಂದ ವರ್ಷ ಅದೊಂದೇ.

ಯಾಕೆ ಹಾಗಾಯ್ತು? ಎಳೆ ಗಿಡದಲ್ಲಿ ರಸ ಹೆಚ್ಚು, ನಾರು ಕಡಿಮೆ, ಸಾರಜನಕ ಹೆಚ್ಚು. ಮಣ್ಣಿನ ಜೀವಾಣುಗಳು ಅದನ್ನು ಬೇಗ ತಿಂದು, ತಮಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಬೆಳೆಗೆ ಬಿಡುತ್ತವೆ. ಬಲಿತ ಕಡ್ಡಿಯಲ್ಲಿ ನಾರು ಹೆಚ್ಚು, ಸಾರಜನಕ ಕಡಿಮೆ. ಆ ನಾರನ್ನು ಅರಗಿಸಲು ಜೀವಾಣುಗಳಿಗೆ ಸಾರಜನಕ ಸಾಲದು. ಆಗ ಅವು ಮಣ್ಣಿನಲ್ಲಿ ಇದ್ದದ್ದನ್ನೇ ಎಳೆದುಕೊಳ್ಳುತ್ತವೆ. ಅಂದರೆ ರಾಗಿಯ ಬಾಯಿಂದ ಕಿತ್ತುಕೊಳ್ಳುತ್ತವೆ. ಕಡ್ಡಿ ಪೂರ್ತಿ ಕೊಳೆತ ಮೇಲೆ ಅದು ವಾಪಸು ಬರುತ್ತದೆ, ಆದರೆ ಅಷ್ಟರಲ್ಲಿ ರಾಗಿಗೆ ತೆನೆ ಬಂದಿರುತ್ತದೆ. ಮುಂದಿನ ವರ್ಷ, 2013ರಲ್ಲಿ, ಆ ಹೊಲದ ರಾಗಿ ಚೆನ್ನಾಗಿಯೇ ಬಂತು. ಗೊಬ್ಬರ ಎಲ್ಲೂ ಹೋಗಿರಲಿಲ್ಲ, ಹೊತ್ತು ತಪ್ಪಿತ್ತು ಅಷ್ಟೇ.

ಕ್ಯಾಲೆಂಡರ್ ಬೇಡ, ಕಾಂಡ ನೋಡಿ

ಅಲ್ಲಿಂದ ಈಚೆಗೆ ನಾನು ದಿನ ಎಣಿಸುವುದಿಲ್ಲ. ಗಿಡದ ನಡುಭಾಗದಲ್ಲಿ ಕಾಂಡವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸುತ್ತೇನೆ. ಹುರುಳಿಕಾಯಿ ಮುರಿದ ಹಾಗೆ ‘ಪಟ್’ ಅಂತ ತುಂಡಾದರೆ ಎಳೆ, ಉಳಬಹುದು. ಮುರಿದ ಮೇಲೂ ಸಿಪ್ಪೆ ನಾರಾಗಿ ಸುಲಿದು ಜೋತಾಡಿದರೆ ಬಲಿಯುತ್ತಿದೆ, ತಕ್ಷಣ ಉಳಬೇಕು. ಬಾಗಿ ಮುರಿಯದೇ ಹಗ್ಗದಂತೆ ತಿರುಚಿಕೊಂಡರೆ ಹೊತ್ತು ಮೀರಿದೆ. ಹೊಲದ ನಾಲ್ಕು ಮೂಲೆ, ನಡು ಮಧ್ಯ, ಐದು ಕಡೆ ನೋಡಬೇಕು. ಸಾಮಾನ್ಯವಾಗಿ ಮೊದಲ ಹೂ ಕಾಣುವ ಹೊತ್ತಿಗೆ, 40ರಿಂದ 50 ದಿನದೊಳಗೆ, ಈ ಹದ ಸಿಗುತ್ತದೆ.

ಗಿಡದ ಹದ ಒಂದು, ನೆಲದ ಹದ ಇನ್ನೊಂದು. ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಉದುರಬೇಕು. ಪುಡಿಪುಡಿಯಾಗಿದ್ದರೆ ಉತ್ತರೂ ಕೊಳೆಯುವುದಿಲ್ಲ. ಎರಡೂ ಹದ ಕೂಡಿದ ದಿನವೇ ಉಳುವ ದಿನ.

ಮಳೆಗಾಲದ ಲಕ್ಷಣ ಚೆನ್ನಾಗಿಲ್ಲದಿದ್ದರೆ ಗಿಡದ ಹದಕ್ಕಿಂತ ನೆಲದ ಹದವೇ ಮುಖ್ಯ. 2023ರಲ್ಲಿ ಜೂನ್ ಮಳೆ ಸರಿ ಇರಲಿಲ್ಲ. ಗಿಡ ಮಂಡಿಯಿಂದ ಸ್ವಲ್ಪ ಮೇಲಿತ್ತು, 35 ದಿನ. ಒಂದು ಸಂಜೆ ಸಣ್ಣ ಹದ ಮಳೆ ಬಂತು. ಮಾರನೇ ದಿನವೇ ಉತ್ತುಬಿಟ್ಟೆ. ಇನ್ನೊಂದು ಹತ್ತು ದಿನ ಬಿಟ್ಟರೆ ಇಮ್ಮಡಿ ಸೊಪ್ಪು ಸಿಗುತ್ತಲ್ಲ ಅಂತ ಮನೆಯಲ್ಲಿ ಮಗ ಹೇಳಿದ. ಹೌದು, ಸಿಗುತ್ತಿತ್ತು. ಆದರೆ ಕಾಲು ಪಾಲು ಗೊಬ್ಬರ ಹೊತ್ತಿಗೆ ಸಿಕ್ಕಿದರೆ ಅದೇ ಲಾಭ. ನಿಂತ ಸೆಣಬು ದಿನಾ ನೀರು ಕುಡಿಯುತ್ತದೆ, ಆ ನೀರು ರಾಗಿಯ ಪಾಲಿನದು. ಆ ವರ್ಷ ಆಗಸ್ಟ್ ಪೂರಾ ಒಣ ಹೋಯಿತು, ರಾಗಿ ಅರ್ಧಕ್ಕೆ ಇಳಿಯಿತು. ಆದರೂ 2012ರ ಹಾಗೆ ಹಳದಿಯಾಗಲಿಲ್ಲ, ಮನೆಗೆ ಸಾಕಾಗುವಷ್ಟು ಬಂತು.

ಹದವೇ ಸಿಗದೆ ಗಿಡ ಬಲಿತೇ ಹೋದರೆ? ಉಳಬೇಡಿ. ಬುಡಕ್ಕೆ ಕೊಯ್ದು ತೆಂಗು, ಮಾವಿನ ಪಾತಿಗೆ ಮುಚ್ಚಿಗೆ ಹಾಕಿ, ಇಲ್ಲವೇ ತಿಪ್ಪೆಗೆ ಹಾಕಿ. ಬೇರು ನೆಲದಲ್ಲೇ ಇರುತ್ತದೆ, ಅಷ್ಟು ಗೊಬ್ಬರ ಸಾಕು. ಖಾಲಿಯಾದ ಹೊಲಕ್ಕೆ ಮಳೆ ಬಂದಾಗ ಹುರುಳಿಯನ್ನಾದರೂ ಬಿತ್ತಬಹುದು.

ಉಳುವ ರೀತಿ

ನಿಂತ ಗಿಡಕ್ಕೆ ನೇಗಿಲು ಹೂಡಿದರೆ ಅರ್ಧ ಗಿಡ ಮೇಲೆಯೇ ಉಳಿಯುತ್ತದೆ. ಮೊದಲು ಮರದ ಹಲಗೆ ಅಥವಾ ಕೊರಡು ಎಳೆಸಿ ಗಿಡವನ್ನು ಒಂದೇ ದಿಕ್ಕಿಗೆ ಮಲಗಿಸಬೇಕು. ಆಮೇಲೆ ಅದೇ ದಿಕ್ಕಿಗೆ ಉಳಬೇಕು. ಎದುರು ದಿಕ್ಕಿಗೆ ಉತ್ತರೆ ಗಿಡ ಎದ್ದು ನೇಗಿಲಿಗೆ ಸಿಕ್ಕಿಕೊಳ್ಳುತ್ತದೆ. ಟ್ರಾಕ್ಟರ್ ರೋಟವೇಟರ್ ಆದರೆ ಎಳೆ ಗಿಡವನ್ನು ಚೆನ್ನಾಗಿ ಕೊಚ್ಚಿ ಬೆರೆಸುತ್ತದೆ. ಬಲಿತ ಗಿಡಕ್ಕೆ ಹೊಡೆದರೆ ನಾರು ಅದರ ಬ್ಲೇಡಿಗೂ ಸುತ್ತಿಕೊಳ್ಳುತ್ತದೆ. ಉತ್ತ ಮೇಲೆ ಒಂದು ಸಲ ಹಲಗೆ ಹೊಡೆದು ನೆಲ ಮುಚ್ಚಬೇಕು, ತೇವ ಆರುವುದಿಲ್ಲ. ಹದಿನೈದು ಇಪ್ಪತ್ತು ದಿನ ಬಿಟ್ಟು ಒಂದು ಹಿಡಿ ಮಣ್ಣು ಕೆದಕಿ ನೋಡಿ. ಕಾಂಡ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ನುಜ್ಜಾದರೆ ಬಿತ್ತನೆಗೆ ಸಿದ್ಧ.

ಎಷ್ಟು ಸಿಕ್ಕಿತು? ತೂಗಿ ನೋಡಿ

ಉಳುವ ಮುಂಚೆ ಮೂರಡಿ ಉದ್ದದ ನಾಲ್ಕು ಕೋಲು ತಂದು ಹೊಲದಲ್ಲಿ ಚೌಕವಾಗಿ ಇಡಿ. ಒಳಗಿನ ಗಿಡವನ್ನೆಲ್ಲಾ ಬುಡಕ್ಕೆ ಕೊಯ್ದು ತೂಗಿ. ಎಕರೆಗೆ 43,560 ಚದರಡಿ. ಒಂದು ಚೌಕ ಒಂಬತ್ತು ಚದರಡಿ. ಅಂದರೆ ಎಕರೆಗೆ 4,840 ಚೌಕ. ಚೌಕಕ್ಕೆ ಒಂದು ಕಿಲೋ ಬಂದರೆ ಎಕರೆಗೆ 4,840 ಕಿಲೋ, ಸುಮಾರು ಐದು ಟನ್ ಹಸಿ ಸೊಪ್ಪು. ಮೂರು ಕಡೆ ತೂಗಿ ಸರಾಸರಿ ಮಾಡಿದರೆ ಲೆಕ್ಕ ಸರಿ ಬರುತ್ತದೆ.

ಐದು ಟನ್ ಅಂದ ಕೂಡಲೇ ಹಿಗ್ಗಬೇಡಿ. ಒಂದು ಕಿಲೋ ಸೊಪ್ಪನ್ನು ನಾನು ಒಣಗಿಸಿ ತೂಗಿದಾಗ 200 ಗ್ರಾಂ ಚಿಲ್ಲರೆ ಉಳಿಯಿತು. ಮಿಕ್ಕಿದ್ದು ನೀರು. ಹಾಗಾದರೆ ಒಣ ತೂಕ ಸುಮಾರು ಒಂದು ಟನ್. ಅದರಲ್ಲಿ ನೂರಕ್ಕೆ ಎರಡು, ಎರಡೂವರೆ ಪಾಲು ಸಾರಜನಕ ಹಿಡಿದರೆ 20ರಿಂದ 25 ಕಿಲೋ. ಈಗ ಬರುವ 45 ಕಿಲೋ ಯೂರಿಯಾ ಮೂಟೆಯಲ್ಲಿ ಸಾರಜನಕ ಸುಮಾರು 21 ಕಿಲೋ. ಅಲ್ಲಿಗೆ ಒಂದು ಮೂಟೆ ಯೂರಿಯಾಕ್ಕೆ ಸಮ ಅಂದುಕೊಳ್ಳಿ. ಅದರಲ್ಲೂ ಸ್ವಲ್ಪ ಭಾಗ ಗಿಡ ಮಣ್ಣಿನಿಂದಲೇ ಹೀರಿದ್ದು, ಮತ್ತು ಮೊದಲ ಬೆಳೆಗೇ ಪೂರಾ ಸಿಗುವುದೂ ಇಲ್ಲ.

‘ಒಂದು ಮೂಟೆ ಯೂರಿಯಾಕ್ಕೆ ಇಷ್ಟೆಲ್ಲಾ ಪಡಿಪಾಟಲೇ?’ ಅಂತ ಕೇಳಬಹುದು. ಯೂರಿಯಾದಿಂದ ಮಣ್ಣು ಮೃದುವಾಗುವುದಿಲ್ಲ. ಸೆಣಬು ಉತ್ತ ಹೊಲದಲ್ಲಿ ಮಳೆ ನೀರು ಇಂಗುತ್ತದೆ, ಹೊಲ ಹೆಪ್ಪುಗಟ್ಟುವುದು ಕಡಿಮೆ, ನೇಗಿಲು ಸಲೀಸಾಗಿ ಇಳಿಯುತ್ತದೆ. ಇದು ಒಂದು ವರ್ಷಕ್ಕೆ ಕಾಣುವುದಿಲ್ಲ. ನನಗೆ ಕಂಡಿದ್ದು ಮೂರನೇ ಸುತ್ತಿಗೆ.

ಸುತ್ತು ಅಂದೆ. 2013ರಿಂದ ನಾನು ನಾಲ್ಕು ಎಕರೆಗೂ ಒಟ್ಟಿಗೆ ಹಾಕುವುದಿಲ್ಲ. ವರ್ಷಕ್ಕೆ ಒಂದೇ ಎಕರೆ, ಸರದಿ ಮೇಲೆ. ಲೆಕ್ಕ ತಪ್ಪಿದರೂ ಮೂರು ಎಕರೆ ರಾಗಿ ಮನೆ ಕಾಯುತ್ತದೆ. ಸಣ್ಣ ಹಿಡುವಳಿಯವರು ಇದೊಂದನ್ನು ಮರೆಯಬಾರದು.

ಬೀಜ ನಮ್ಮದೇ ಆಗಿರಲಿ

ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿಗೆ ಸೆಣಬು ಬೀಜ ಕೊಡುವುದುಂಟು. ಸಿಕ್ಕರೆ ತಗೊಳ್ಳಿ. ಆದರೆ ಭರಣಿ ಮಳೆ ಯಾರಿಗೂ ಕಾಯುವುದಿಲ್ಲ. ಒಂದು ವರ್ಷ ನಾನು ಹೊರಗಿನಿಂದ ತಂದ ಬೀಜ ಅರ್ಧವೂ ಹುಟ್ಟಲಿಲ್ಲ. ಅದಕ್ಕೇ ಬೀಜಕ್ಕಾಗಿ ಐದು ಗುಂಟೆ ಬೇರೆ ಇಟ್ಟಿದ್ದೇನೆ. ಒಂದೂವರೆ ಅಡಿ ಸಾಲು, ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿ. ಇಲ್ಲಿ ಒತ್ತಾಗಿರಬಾರದು, ಗಿಡ ಕವಲೊಡೆಯಬೇಕು, ಪ್ರತಿ ಕವಲಿಗೂ ಬಿಸಿಲು ಬೀಳಬೇಕು.

2017ರಲ್ಲಿ ಈ ಐದು ಗುಂಟೆಯಲ್ಲಿ ಹೂ ತುಂಬಿ ತುಳುಕಿತು, ಕಾಯಿ ಮಾತ್ರ ಬೆರಳೆಣಿಕೆ. ಆ ವರ್ಷ ಮಳೆ ಜೋರಾಗಿತ್ತು, ಹೂ ಉದುರಿದ್ದೂ ಇರಬಹುದು. ಆದರೆ ಉದುರದೆ ಬಾಡಿದ ಹೂವೇ ಹೆಚ್ಚಿದ್ದವು. ಸೆಣಬಿನ ಹೂ ಅವರೆ ಹೂವಿನ ಹಾಗೆ. ಕೆಳಗಿನ ಎರಡು ದಳ ಕೂಡಿ ದೋಣಿಯಂತೆ ಮುಚ್ಚಿಕೊಂಡಿರುತ್ತದೆ. ಗಂಡು ಹೆಣ್ಣು ಭಾಗ ಎರಡೂ ಅದರೊಳಗೆ. ಭಾರದ ದೊಡ್ಡ ದುಂಬಿ ಬಂದು ಕೂತರೆ ಮಾತ್ರ ದೋಣಿ ತಗ್ಗಿ ಒಳಗಿನದು ಹೊರಗೆ ಬಂದು ದುಂಬಿಯ ಹೊಟ್ಟೆಗೆ ತಿಕ್ಕುತ್ತದೆ. ಸಣ್ಣ ಜೇನು ಕೂತರೆ ಅಲುಗುವುದೇ ಇಲ್ಲ. ಹಾಗೆ ತಿಕ್ಕಿಸಿಕೊಳ್ಳದ ಹೂ ಕಾಯಿ ಕಟ್ಟುವುದು ಅಪರೂಪ. ಒಂದು ಗಿಡದ ಹುಡಿ ಇನ್ನೊಂದು ಗಿಡದ ಹೂವಿಗೆ ಬಿದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ.

ಪರೀಕ್ಷೆಗೆ ನಾನು ಹತ್ತು ಗೊನೆಗೆ ಕೆಂಪು ದಾರ ಕಟ್ಟಿ, ದಿನಾ ಹೂವನ್ನು ಬೆರಳಿಂದ ಒತ್ತಿ, ಒಂದು ಗಿಡದ ಹುಡಿಯನ್ನು ಇನ್ನೊಂದಕ್ಕೆ ಸವರಿದೆ. ದಾರ ಕಟ್ಟಿದ ಗೊನೆ ಕಾಯಿ ಹಿಡಿದವು. ಪಕ್ಕದ ಗೊನೆ ಬರಿದು. ಆಗ ಹೊಳೆಯಿತು, ಆ ವರ್ಷ ಕರಿದುಂಬಿಯೇ ಕಾಣುತ್ತಿರಲಿಲ್ಲ. ಈ ದುಂಬಿ ಒಣ ಮರ, ಬಿದಿರು ಕೊರೆದು ಗೂಡು ಮಾಡುತ್ತದೆ. ಆ ಬೇಸಿಗೆಯಲ್ಲಿ ನಾನು ಕೊಟ್ಟಿಗೆಯ ಹಳೇ ಬಿದಿರು, ತೊಲೆ ಎಲ್ಲಾ ಕಿತ್ತು ಕಬ್ಬಿಣದ ಪೈಪು, ಶೀಟು ಹಾಕಿಸಿದ್ದೆ. ಹಳೇ ಮರ ನೀರೊಲೆಗೆ ಹೋಯಿತು. ದುಂಬಿಯ ಮನೆ ಸುಟ್ಟವನು ನಾನೇ. ಈಗ ಬೀಜದ ಪಟ್ಟಿಯ ಬದುವಿನಲ್ಲಿ ನಾಲ್ಕು ಒಣ ಮರದ ದಿಮ್ಮಿ, ಒಂದು ಕಟ್ಟು ಒಣ ಬಿದಿರು ಇಟ್ಟಿದ್ದೇನೆ. ಎರಡು ವರ್ಷಕ್ಕೆ ತೂತು ಕಂಡವು. ದುಂಬಿ ಬಂತು, ಕಾಯಿಯೂ ಬಂತು. ಸೆಣಬು ಹೂ ಬಿಟ್ಟಾಗ ಪಕ್ಕದ ಅವರೆಗೆ ಔಷಧಿ ಹೊಡೆಯುವುದಿದ್ದರೆ ಕತ್ತಲಾದ ಮೇಲೆ ಹೊಡೆಯಿರಿ ಅಂತ ನೆರೆಯವರನ್ನು ಕೇಳಿಕೊಳ್ಳುತ್ತೇನೆ.

ಹುಳ ಮತ್ತು ಶೇಖರಣೆ

ಬಿಳಿ ರೆಕ್ಕೆ ಮೇಲೆ ಕೆಂಪು, ಕಪ್ಪು ಚುಕ್ಕಿ ಇರುವ ಪತಂಗ ಹಾರಾಡಿದರೆ ಎಚ್ಚರ. ಅದರ ಕೂದಲು ಹುಳು ಎಲೆ ತಿಂದು, ಆಮೇಲೆ ಕಾಯಿ ಕೊರೆದು ಬೀಜ ತಿನ್ನುತ್ತದೆ. ಗೊಬ್ಬರದ ಸೆಣಬಿಗೆ ಚಿಂತೆ ಬೇಡ. ಬೀಜದ ಪಟ್ಟಿಯಲ್ಲಿ ಬೆಳಿಗ್ಗೆ ಆರಿಸಿ ಸೋಪಿನ ನೀರಿಗೆ ಹಾಕಬೇಕು. ಐದು ಗುಂಟೆಗೆ ಅದು ದೊಡ್ಡ ಕೆಲಸವಲ್ಲ. ಬೀಜದ ಪಟ್ಟಿಯನ್ನು ವರ್ಷ ವರ್ಷ ಜಾಗ ಬದಲಿಸಿದರೆ ಸೊರಗು ರೋಗವೂ ಕಡಿಮೆ.

ಕಾಯಿ ಗಿಲಿಗಿಲಿ ಅಂದಾಗ ಕೊಯ್ದು, ಕಣದಲ್ಲಿ ಎರಡು ಬಿಸಿಲು ಒಣಗಿಸಿ, ಕೋಲಿನಿಂದ ಬಡಿದರೆ ಬೀಜ ಬಿಡುತ್ತದೆ. ನನ್ನ ಐದು ಗುಂಟೆಗೆ 20 ಕಿಲೋ ಆಸುಪಾಸು ಬರುತ್ತದೆ. 12 ಕಿಲೋ ನನಗೆ, ಮಿಕ್ಕಿದ್ದು ಕೇಳಿದವರಿಗೆ. ಚೆನ್ನಾಗಿ ಒಣಗಿಸಿ ಡಬ್ಬಿಗೆ ತುಂಬಿ, ಏಪ್ರಿಲ್‌ನಲ್ಲಿ ನೂರು ಬೀಜ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ಎಣಿಸಿ ನೋಡಿ. 80ಕ್ಕಿಂತ ಕಡಿಮೆ ಬಂದರೆ ಬಿತ್ತುವಾಗ ಅಷ್ಟು ಹೆಚ್ಚಿಗೆ ಹಾಕಿ.

ಒಂದು ಎಚ್ಚರಿಕೆ. ಸೆಣಬಿನ ಬೀಜದಲ್ಲಿ ವಿಷ ಇದೆ. ಬಡಿದ ಹೊಟ್ಟು, ಕಾಯಿ, ಬೀಜ ದನ ಕುರಿಗೆ, ಕೋಳಿಗೆ ಸಿಗದ ಹಾಗೆ ಇಡಿ. ಕಣ ಗುಡಿಸಿದ್ದನ್ನು ತಿಪ್ಪೆ ಗುಂಡಿಯ ತಳಕ್ಕೆ ಹಾಕಿ ಮಣ್ಣು ಮುಚ್ಚುತ್ತೇನೆ.

ಈ ಸಲ ಬಿತ್ತುವವರು ಮೊದಲು ಒಂದು ಎಕರೆ, ಅದೂ ಆಗದಿದ್ದರೆ ಹತ್ತು ಗುಂಟೆಗೆ ಹಾಕಿ ನೋಡಿ. ಪಕ್ಕದಲ್ಲಿ ಸೆಣಬು ಹಾಕದ ಒಂದು ಪಟ್ಟಿ ಬಿಡುವುದನ್ನು ಮರೆಯಬೇಡಿ. 2012ರಲ್ಲಿ ನನ್ನ ತಪ್ಪು ನನಗೆ ಕಂಡಿದ್ದು ಆ ಪಟ್ಟಿಯಿಂದಲೇ.